ಫೋನಿನೊಳಗಿನ ಹುಳುವನ್ನು ಹುಡುಕುವವರು



ಕಳೆದ ಶ್ರಾವಣದಲ್ಲಿ, ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಯುವ ಗಡಿಬಿಡಿಯಲ್ಲಿ ಎಲ್ಲರೂ ಇದ್ದಾಗ, ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಪ್ರಸಂಗ ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ದಿನದ ಧಾರಣೆ ತಿಳಿಸಲೆಂದು ಮಾಡಿದ ಆ ಗುಂಪಿಗೆ ಒಂದು ಸಂಜೆ ಸದಸ್ಯರೊಬ್ಬರ ಹೆಸರಿನಿಂದಲೇ ಒಂದು ಫೈಲು ಬಂತು. ವಾಹನದ ದಂಡದ ಚಲನ್ ಎಂದು ಅದರ ಮೇಲೆ ಬರೆದಿತ್ತು. ಯಾವ ಜೀಪಿಗೆ ಯಾವ ದಂಡವೋ ನೋಡೋಣವೆಂದು ಮೂವರು ಅದನ್ನು ಒತ್ತಿದರು. ಇಬ್ಬರ ಖಾತೆಯಲ್ಲಿ ಹಣವೇ ಇರಲಿಲ್ಲವಾದ್ದರಿಂದ ಬಚಾವಾದರು. ಮೂರನೆಯವರು ಹಿಂದಿನ ವಾರವಷ್ಟೇ ಚಾಲಿ ಮಾರಿದ ಹಣ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಅದರಲ್ಲಿ 38,000 ರೂಪಾಯಿ ಹೋಗಿತ್ತು. ಫೈಲು ಕಳಿಸಿದರೆಂದು ಎಲ್ಲರಿಂದ ಬೈಸಿಕೊಂಡ ಆ ಮೊದಲ ಸದಸ್ಯರಿಗಾದರೋ, ತಮ್ಮ ಹೆಸರಿನಲ್ಲಿ ಅಂಥದ್ದೊಂದು ಹೋಗಿದೆ ಎಂಬುದೇ ಗೊತ್ತಿರಲಿಲ್ಲ.

ಈ ವಿಷಯ ಮಹಾಸಭೆಯಲ್ಲಿ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೇ, ಕಾಫಿ ಗಿಡದ ಕಾಂಡದೊಳಗೆ ಬೋರರ್ ಹೊಕ್ಕರೆ ಹೊರಗೆ ಉಬ್ಬುಗೆರೆ ಕಾಣುತ್ತದೆ. ಟ್ರೇಸಿಂಗ್ ಮಾಡುತ್ತೇವೆ, ಕಿತ್ತು ಸುಡುತ್ತೇವೆ. ಈ ಫೋನಿನೊಳಗೆ ಹೊಕ್ಕ ಹುಳುವನ್ನು ಟ್ರೇಸಿಂಗ್ ಮಾಡುವವರು ಯಾರಾದರೂ ಇದ್ದಾರೋ, ಇಲ್ಲವೋ?" ಎಂದು ಕೇಳಿದರು. ಸಭೆ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಅಂದಿನಿಂದ ಬಿಡುವಾದಾಗಲೆಲ್ಲ ಈ ಬಗ್ಗೆ ಓದಿ ತಿಳಿದುಕೊಂಡಿದ್ದೇವೆ. ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ ಕೊಡುತ್ತಿದ್ದೇವೆ.

ಅಂಥವರು ಇದ್ದಾರೆ. ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅದನ್ನೇ ಜೀವನದ ಕಸುಬು ಮಾಡಿಕೊಂಡವರಿದ್ದಾರೆ. ಅವರಲ್ಲಿ ಒಬ್ಬರ ಕೆಲಸವನ್ನು ಮೊದಲಿನಿಂದ ಹಿಂಬಾಲಿಸಿದರೆ ಈ ಶಾಸ್ತ್ರ ಹೇಗೆ ಬೆಳೆಯಿತೆಂಬುದು ತಾನಾಗಿ ತಿಳಿಯುತ್ತದೆಂದು ತೋರಿ, ಅಮೆರಿಕದ ಪ್ರಾಧ್ಯಾಪಕ ಇಬ್ರಾಹಿಂ ಬಗ್ಗಿಲಿ ಅವರನ್ನು ಆರಿಸಿಕೊಂಡಿದ್ದೇವೆ. ಇವರು ಮೊಬೈಲಿನಿಂದ ಆರಂಭಿಸಿ, ಕೈಗಡಿಯಾರಕ್ಕೆ ಬಂದು, ಕೊನೆಗೆ ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಕನ್ನಡಕದವರೆಗೆ ಹೋದವರು. ಆ ಕನ್ನಡಕದ ವಿಷಯ ಆಮೇಲೆ ಬರುತ್ತದೆ.

ಬಗ್ಗಿಲಿ ಅವರು ಓದಿದ್ದು ಇಂಡಿಯಾನ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಅದು ಕೃಷಿ ಶಿಕ್ಷಣಕ್ಕೂ ಹೆಸರಾದ ಸ್ಥಳ. ಅಲ್ಲಿದ್ದಾಗ, 2007ರಲ್ಲಿ, ಇಬ್ಬರು ಸಹೋದ್ಯೋಗಿಗಳೊಂದಿಗೆ ಅವರು ಒಂದು ಲೇಖನ ಪ್ರಕಟಿಸಿದರು. ಪೊಲೀಸರು ವಶಪಡಿಸಿಕೊಂಡ ಫೋನಿನಿಂದ ಸಂದೇಶ, ನಂಬರು, ಚಿತ್ರಗಳನ್ನು ಹೊರತೆಗೆಯಲು ಬಳಸುವ ಉಪಕರಣಗಳನ್ನು ಪರೀಕ್ಷಿಸುವುದು ಹೇಗೆ ಎಂಬುದು ಅದರ ವಿಷಯ. ಇದನ್ನು ಓದುವಾಗ ನಮಗೆ ನಮ್ಮ ಡಿಪೋದ ತೇವಾಂಶ ಮಾಪಕ ನೆನಪಾಯಿತು. ಚೆರಿ ತಂದ ಸದಸ್ಯರು, "ಮೀಟರು ಹನ್ನೆರಡು ತೋರಿಸುತ್ತದೆ ಸರಿ, ಮೀಟರನ್ನು ನೋಡಿದವರು ಯಾರು?" ಎಂದು ಜಗಳ ತೆಗೆಯುವುದು ಪ್ರತಿವರ್ಷದ ಮಾತು. ಅವರ ಜಗಳ ನ್ಯಾಯವಾದದ್ದೇ. ಪೊಲೀಸರ ಉಪಕರಣದ ವಿಷಯದಲ್ಲೂ ಪ್ರಶ್ನೆ ಇದೇ. ಒಬ್ಬನನ್ನು ಜೈಲಿಗೆ ಕಳಿಸಬಲ್ಲ ಸಾಕ್ಷ್ಯವನ್ನು ಹೊರತೆಗೆಯುವ ಯಂತ್ರ ನೂರರಲ್ಲಿ ಎಷ್ಟು ಸಲ ತಪ್ಪುತ್ತದೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಡಾಬರ್ಟ್ ಎಂಬ ಮೊಕದ್ದಮೆಯ ತೀರ್ಪಿನಲ್ಲಿ, ವೈಜ್ಞಾನಿಕ ಸಾಕ್ಷ್ಯವನ್ನು ಒಪ್ಪುವ ಮೊದಲು ಆ ವಿಧಾನದ ತಪ್ಪಿನ ಪ್ರಮಾಣವನ್ನೂ ಗಮನಿಸಬೇಕೆಂದು ಹೇಳಿತ್ತು. ಆದ್ದರಿಂದ ಯಾವ ಉಪಕರಣ ಯಾವ ಫೋನಿನಲ್ಲಿ ಸರಿಯಾಗಿ ಓದಿತು, ಯಾವುದರಲ್ಲಿ ತಪ್ಪಿತು ಎಂಬುದನ್ನೆಲ್ಲ ಒಂದೇ ದಫ್ತರಿನಲ್ಲಿ ದಾಖಲು ಮಾಡುತ್ತ ಹೋಗಬೇಕೆಂಬುದು ಆ ಲೇಖನದ ಸೂಚನೆ. ಕೇಳಲು ಗುಮಾಸ್ತಿಕೆಯಂತಿದೆ. ಆದರೆ ಗುಮಾಸ್ತಿಕೆ ಸರಿಯಿಲ್ಲದ ಸಂಘದ ಗತಿ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ.

ಡಾಕ್ಟರೇಟಿಗೆ ಅವರು ತೆಗೆದುಕೊಂಡ ವಿಷಯ ಬೇರೆ: ತನ್ನ ಹೆಸರು ಯಾರಿಗೂ ತಿಳಿಯದೆಂಬ ಧೈರ್ಯಕ್ಕೂ ಗಣಕಾಪರಾಧಕ್ಕೂ ಇರುವ ಸಂಬಂಧ. ಯಂತ್ರಕ್ಕಿಂತ ಮನುಷ್ಯನ ಸ್ವಭಾವಕ್ಕೆ ಸೇರಿದ ವಿಷಯ ಇದು.

ಅನಂತರ ಅವರು ಕೆಲವು ವರ್ಷ ಅರಬ್ ದೇಶದಲ್ಲಿ, ಜಾಯೆದ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. 2012ರಲ್ಲಿ ಅಲ್ಲಿಂದ ಬಂದ ಒಂದು ಅಧ್ಯಯನ ಸರಳವಾದದ್ದು. ಆದರೆ ಅದರ ಫಲಿತಾಂಶ ಕುತೂಹಲಕರ. ಬ್ಲ್ಯಾಕ್‌ಬೆರಿ, ಐಫೋನ್, ಆಂಡ್ರಾಯ್ಡ್ ಎಂಬ ಮೂರು ಬಗೆಯ ಫೋನುಗಳಲ್ಲಿ ಫೇಸ್‌ಬುಕ್, ಟ್ವಿಟರ್, ಮೈಸ್ಪೇಸ್‌ಗಳನ್ನು ಹಾಕಿ, ಸಾಮಾನ್ಯರು ಬಳಸುವಂತೆಯೇ ಬಳಸಿ, ಆಮೇಲೆ ಫೋನಿನ ನಕಲು ತೆಗೆದು ಒಳಗೆ ಏನು ಉಳಿದಿದೆಯೆಂದು ನೋಡಿದರು. ಬ್ಲ್ಯಾಕ್‌ಬೆರಿಯಿಂದ ಏನೂ ಸಿಗಲಿಲ್ಲ. ಐಫೋನ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ತನಿಖೆಗೆ ಉಪಯೋಗವಾಗುವಷ್ಟು ಸಂಗತಿಗಳು ಧಾರಾಳವಾಗಿ ಸಿಕ್ಕವು. ನಾವು ಬೆರಳಾಡಿಸಿ ಮರೆತದ್ದನ್ನು ಫೋನು ಮರೆತಿರುವುದಿಲ್ಲ ಎಂದಾಯಿತು.

ಇವರ ಹೆಸರು ಪತ್ರಿಕೆಗಳಲ್ಲಿ ಬಂದದ್ದು 2014ರಲ್ಲಿ. ಆ ಹೊತ್ತಿಗೆ ಅವರು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ನ್ಯೂ ಹೇವನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿ ಒಂದು ಸಂಶೋಧನಾ ತಂಡ ಕಟ್ಟಿದ್ದರು. ಅವರು ಮಾಡಿದ ಪ್ರಯೋಗವನ್ನು ನಮ್ಮ ಪದವಿ ಓದುವ ಮಕ್ಕಳೂ ಅರ್ಥ ಮಾಡಿಕೊಳ್ಳಬಲ್ಲರು. ಒಂದು ಸಾಮಾನ್ಯ ಕಂಪ್ಯೂಟರನ್ನೇ ವೈಫೈ ಕೊಡುವ ಕೇಂದ್ರವನ್ನಾಗಿ ಮಾಡಿದರು. ಪರೀಕ್ಷೆಯ ಫೋನನ್ನು ಆ ವೈಫೈಗೆ ಸೇರಿಸಿದರು. ಆಗ ಫೋನಿನಿಂದ ಹೋಗುವುದು, ಫೋನಿಗೆ ಬರುವುದು, ಎಲ್ಲವೂ ಆ ಕಂಪ್ಯೂಟರಿನ ಮೂಲಕವೇ ಹಾಯಬೇಕು. ತೋಟದಿಂದ ಹೊರಗೆ ಹೋಗಲು ಒಂದೇ ಉಣುಗೋಲು ಇದ್ದರೆ ಅಲ್ಲಿ ಕುಳಿತವನಿಗೆ ಯಾವ ಮೂಟೆ ಹೋಯಿತೆಂಬುದು ಗೊತ್ತಾಗುವಂತೆ ಇದು. ಮೂಟೆಯ ಬಾಯಿ ಹೊಲಿದು ಸೀಲು ಹಾಕಿದ್ದರೆ ಒಳಗೆ ಪಾರ್ಚ್‌ಮೆಂಟ್ ಇದೆಯೋ ಗೊಬ್ಬರ ಇದೆಯೋ ಅವನಿಗೆ ತಿಳಿಯದು. ಬಾಯಿ ತೆರೆದಿದ್ದರೆ ಬಗ್ಗಿ ನೋಡಿದರಾಯಿತು.

ಬಗ್ಗಿ ನೋಡಿದಾಗ ಕಂಡದ್ದೇನು? ವೈಬರ್ ಎಂಬ ಸಂದೇಶ ಸೌಲಭ್ಯದಲ್ಲಿ ಚಿತ್ರಗಳು, ವಿಡಿಯೋಗಳು, ಇರುವ ಜಾಗ ತೋರಿಸುವ ನಕ್ಷೆಗಳು ಸೀಲಿಲ್ಲದೆ ಹಾಯುತ್ತಿದ್ದವು. ಅಷ್ಟೇ ಅಲ್ಲ, ಕಂಪನಿಯ ಉಗ್ರಾಣದಲ್ಲಿಯೂ ಅವು ಬೀಗವಿಲ್ಲದೆ ಇದ್ದವು. ವಿಳಾಸ ಸಿಕ್ಕಿದವರು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕ ತಪ್ಪು ಇದಕ್ಕಿಂತ ಸಣ್ಣದು: ಒಬ್ಬರು ತಾವಿರುವ ಜಾಗವನ್ನು ಕಳಿಸುವಾಗ ಫೋನು ತರಿಸಿಕೊಳ್ಳುವ ನಕ್ಷೆಯ ಚಿತ್ರ ಸೀಲಿಲ್ಲದೆ ಬರುತ್ತಿತ್ತು. ಇವನ್ನೆಲ್ಲ ತಂಡ ಬಹಿರಂಗಪಡಿಸಿದ ಮೇಲೆ ಎರಡೂ ಕಂಪನಿಗಳು ಸರಿಪಡಿಸುವ ಕ್ರಮ ಕೈಗೊಂಡವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಂಡ ಇನ್ನೂ ಹಲವು ಆ್ಯಪ್‌ಗಳ ಲೋಪಗಳನ್ನು ದಿನಕ್ಕೆ ಕೆಲವರಂತೆ ವಿಡಿಯೋ ಮಾಡಿ ಜನರ ಮುಂದಿಟ್ಟಿತು. ಆ ಆ್ಯಪ್‌ಗಳ ಒಟ್ಟು ಬಳಕೆದಾರರು ಸುಮಾರು 96 ಕೋಟಿ 80 ಲಕ್ಷವೆಂದು ಆಗ ವರದಿಯಾಯಿತು. ವಿದ್ಯಾರ್ಥಿಗಳ ಒಂದು ಕೋಣೆ, ಒಂದು ಕಂಪ್ಯೂಟರು, ಕೆಲವು ಫೋನು, ತಾಳ್ಮೆ, ಬಂಡವಾಳ ಇಷ್ಟೇ.

ಇಲ್ಲಿ ಒಂದು ಮಾತು. ತಪ್ಪು ಕಂಡುಹಿಡಿದವರು ಅದನ್ನು ಸಾರ್ವಜನಿಕವಾಗಿ ಹೇಳಿದರೆ ಕಳ್ಳರಿಗೇ ದಾರಿ ತೋರಿದಂತಾಗದೇ ಎಂದು ನಮ್ಮ ಆಡಳಿತ ಮಂಡಳಿಯ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ಸರಿ. ಆದ್ದರಿಂದಲೇ ಈ ಕ್ಷೇತ್ರದಲ್ಲಿ ಒಂದು ಪದ್ಧತಿಯಿದೆ: ಮೊದಲು ಕಂಪನಿಗೆ ತಿಳಿಸುವುದು, ಸರಿಪಡಿಸಲು ಕಾಲ ಕೊಡುವುದು, ಆಮೇಲೆ ಪ್ರಕಟಿಸುವುದು. ಕಂಪನಿ ಕಿವಿಗೊಡದಿದ್ದರೆ ಏನು ಮಾಡಬೇಕೆಂಬ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲೇ ಒಮ್ಮತವಿಲ್ಲ. ನಮ್ಮ ಅಭಿಪ್ರಾಯ ಹೇಳುವುದಾದರೆ, ಕೊಳೆರೋಗ ಪಕ್ಕದ ತೋಟಕ್ಕೆ ಬಂದಿದೆಯೆಂಬುದನ್ನು ಮುಚ್ಚಿಟ್ಟು ಯಾರೂ ಉದ್ಧಾರವಾದದ್ದಿಲ್ಲ.

2015ರಲ್ಲಿ ತಂಡ ಎರಡು ಕೈಗಡಿಯಾರಗಳನ್ನು ಪರೀಕ್ಷಿಸಿತು. ಫೋನಿಗೆ ಜೋಡಿಸುವ ಆ ಗಡಿಯಾರಗಳೊಳಗೆ ಇಮೇಲು, ಸಂಪರ್ಕಗಳು, ಎದೆಬಡಿತದ ಲೆಕ್ಕ, ನಡೆದ ಹೆಜ್ಜೆಯ ಲೆಕ್ಕ ಮೊದಲಾದವು ಗುಪ್ತಲಿಪಿಯ ರಕ್ಷಣೆಯಿಲ್ಲದೆ ಸಿಕ್ಕವು. ಅದೇ ವರ್ಷ ಇನ್ನಿಬ್ಬರೊಡನೆ ಅವರು ವಾಟ್ಸ್‌ಆ್ಯಪ್ ಕರೆಯ ಸಂಕೇತಗಳನ್ನು ಬಿಡಿಸಿ, ಯಾವ ನಂಬರಿನಿಂದ ಯಾವ ನಂಬರಿಗೆ ಕರೆ ಹೋಯಿತು, ಎಷ್ಟು ಹೊತ್ತು ನಡೆಯಿತು ಎಂಬಂಥ ವಿವರಗಳನ್ನು ಹೇಗೆ ಓದಬಹುದೆಂದು ತೋರಿಸಿದರು. 2016ರ ಏಪ್ರಿಲಿನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಸಂದೇಶಗಳಿಗೂ ಕರೆಗಳಿಗೂ ಕಳಿಸುವವರಿಂದ ಪಡೆಯುವವರವರೆಗೆ ಪೂರ್ತಿ ಸೀಲು ಹಾಕುವ ಏರ್ಪಾಡು ಮುಗಿಸಿತು. ಇವರ ಸಂಶೋಧನೆಯಿಂದಲೇ ಅದಾಯಿತೆಂದು ಹೇಳುವುದು ತಪ್ಪಾದೀತು. ಆ ಕಾಲಕ್ಕೆ ಒತ್ತಾಯ ನಾಲ್ಕೂ ಕಡೆಯಿಂದ ಇತ್ತು.

ಈಗ ತಾವು ಕೇಳಬಹುದು: ಪೂರ್ತಿ ಸೀಲು ಬಿದ್ದ ಮೇಲೆ ನಮ್ಮ ಸದಸ್ಯರ ಹಣ ಹೋದದ್ದು ಹೇಗೆ? ಇದು ಎಲ್ಲರೂ ಸರಿಯಾಗಿ ತಿಳಿಯಬೇಕಾದ ಅಂಶವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸೀಲು ಕಾಯುವುದು ದಾರಿಯನ್ನು. ಕಾಗದ ಮನೆಗೆ ಬಂದು, ತಾವು ಜಗಲಿಯ ಮೇಲೆ ಕುಳಿತು ಒಡೆದು ಓದುವಾಗ ಬೆನ್ನ ಹಿಂದೆ ಒಬ್ಬ ನಿಂತು ಇಣುಕಿದರೆ ಸೀಲು ಏನು ಮಾಡೀತು? ಗುಂಪಿಗೆ ಬಂದದ್ದು ಚಲನ್ ಅಲ್ಲ, ಎ.ಪಿ.ಕೆ. ಎಂಬ ಬಗೆಯ ಫೈಲು. ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ನೇರವಾಗಿ ಫೋನಿಗೆ ಇಳಿಸುವ ಒಂದು ಆ್ಯಪ್. ಅಪರಿಚಿತ ಮೂಲದಿಂದ ಬಂದಿದೆ, ಇಳಿಸಬೇಕೇ ಎಂದು ಫೋನು ಒಮ್ಮೆ ಕೇಳುತ್ತದೆ. ಎಸ್.ಎಂ.ಎಸ್. ಓದಲು ಅನುಮತಿ ಕೊಡುತ್ತೀರಾ ಎಂದು ಮತ್ತೊಮ್ಮೆ ಕೇಳುತ್ತದೆ. ಮೂವರೂ ಎರಡಕ್ಕೂ ಹೌದೆಂದು ಒತ್ತಿದ್ದಾರೆ. ಆಮೇಲೆ ಬ್ಯಾಂಕಿನಿಂದ ಬರುವ ಒ.ಟಿ.ಪಿ. ಫೋನಿನ ಒಡೆಯರ ಜೊತೆಗೆ ಎಲ್ಲಿಯೋ ಕುಳಿತ ಇನ್ನೊಬ್ಬನಿಗೂ ತಲುಪುತ್ತದೆ. ಒಡೆಯರು ಮಲಗಿದ ಮೇಲೆ ಅವನು ಎದ್ದು ಕೆಲಸ ಮುಗಿಸುತ್ತಾನೆ. ಜೊತೆಗೆ ಅದೇ ಫೈಲನ್ನು ಒಡೆಯರ ಹೆಸರಿನಲ್ಲೇ ಇತರರಿಗೂ ಹಂಚುತ್ತಾನೆ. ಕಾಯಿಕೊರಕ ಒಂದು ತೋಟದಲ್ಲಿ ನೆಲಕ್ಕುದುರಿದ ಕಾಯಿಯಿಂದ ಇನ್ನೊಂದು ತೋಟಕ್ಕೆ ಹೋಗುವ ಕ್ರಮವೇ ಇದು.

ಇನ್ನು ನಮ್ಮ ಸ್ವಂತ ತಪ್ಪಿನ ವಿಷಯ. ಹೇಳದೆ ಇದ್ದುಬಿಡೋಣವೆಂದು ಮೊದಲು ಅನ್ನಿಸಿತ್ತು. ನಾಲ್ಕು ವರ್ಷದ ಹಿಂದೆ ನಮ್ಮ ಸೋದರಳಿಯ ಊರಿಗೆ ಬಂದಾಗ, "ಮಾವ, ಸಂಘದ ಪಾಸ್‌ವರ್ಡುಗಳನ್ನೆಲ್ಲ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೀರಲ್ಲ" ಎಂದು ಬೇಸರಪಟ್ಟು, ನಮ್ಮ ಫೋನಿಗೆ ಒಂದು ತಿಜೋರಿ ಆ್ಯಪ್ ಹಾಕಿಕೊಟ್ಟ. ನೋಡಲು ಕ್ಯಾಲ್ಕ್ಯುಲೇಟರಿನಂತೆ ಕಾಣುತ್ತದೆ. ಗುಪ್ತಸಂಖ್ಯೆ ಒತ್ತಿದರೆ ಒಳಗೆ ಚಿತ್ರಗಳನ್ನು ಬಚ್ಚಿಡುವ ಕೋಣೆ ತೆರೆಯುತ್ತದೆ. ನಾವು ಸಂಘದ ಖಾತೆಯ ಪಾಸ್‌ವರ್ಡು ಬರೆದ ಹಾಳೆಯ ಚಿತ್ರ, ಚೆಕ್ಕು ಪುಸ್ತಕದ ಚಿತ್ರ, ಕೆಲವು ಸದಸ್ಯರ ಆಧಾರ್ ಕಾರ್ಡುಗಳ ಚಿತ್ರ, ಎಲ್ಲವನ್ನೂ ಅದರೊಳಗೆ ತುಂಬಿ ನಿಶ್ಚಿಂತೆಯಿಂದ ಇದ್ದೆವು.

ಬಗ್ಗಿಲಿ ಮತ್ತು ಇಬ್ಬರು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ದಿನ ನಮಗೆ ರಾತ್ರಿ ನಿದ್ದೆ ಬರಲಿಲ್ಲ. ಆಂಡ್ರಾಯ್ಡಿನ 18 ತಿಜೋರಿ ಆ್ಯಪ್‌ಗಳನ್ನು ಅವರು ಬಿಚ್ಚಿ ನೋಡಿದ್ದರು. ಇವನ್ನು ಜನ ಸುಮಾರು 22 ಕೋಟಿ ಸಲ ಇಳಿಸಿಕೊಂಡಿದ್ದರು. 18ರಲ್ಲಿ 6 ಆ್ಯಪ್‌ಗಳು ಚಿತ್ರಗಳನ್ನು ಗುಪ್ತಲಿಪಿಗೆ ಮಾರ್ಪಡಿಸದೆ ಸುಮ್ಮನೆ ಬೇರೆ ಮೂಲೆಯಲ್ಲಿಟ್ಟಿದ್ದವು. 8 ಆ್ಯಪ್‌ಗಳು ವಿಡಿಯೋಗಳನ್ನು ಹಾಗೆಯೇ ಇಟ್ಟಿದ್ದವು. 7 ಆ್ಯಪ್‌ಗಳಲ್ಲಿ ತಿಜೋರಿಯ ಪಾಸ್‌ವರ್ಡೇ ಎಲ್ಲರೂ ಓದುವಂತೆ ನೇರ ಅಕ್ಷರದಲ್ಲಿ ಬರೆದಿತ್ತು. ಬೀಗದ ಕೈಯನ್ನು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದಂತೆ. 5 ಆ್ಯಪ್‌ಗಳಲ್ಲಿ ಅವರು ಮಾಡಿದ ಉಪಾಯ ನಮಗೆ ಬಹಳ ಬುದ್ಧಿವಂತಿಕೆಯದಾಗಿ ಕಂಡಿತು. ಬೀಗ ಒಡೆಯುವ ಗೋಜಿಗೇ ಹೋಗಲಿಲ್ಲ. ಪಾಸ್‌ವರ್ಡು ಇರುವ ಫೈಲನ್ನು ತೆಗೆದು ಆ ಜಾಗದಲ್ಲಿ ತಾವೇ ಮಾಡಿದ ಫೈಲನ್ನಿಟ್ಟರು. ಗೋದಾಮಿನ ಚಿಲಕದಿಂದ ನಮ್ಮ ಬೀಗವನ್ನು ಕಳಚಿ ತನ್ನ ಬೀಗ ತಗುಲಿಸಿ, ತನ್ನದೇ ಕೀಲಿಯಿಂದ ಮರ್ಯಾದೆಯಾಗಿ ತೆರೆದು ಒಳಗೆ ಹೋದಂತೆ.

ಈ ಅಧ್ಯಯನಕ್ಕೆ ಇನ್ನೊಂದು ಮುಖವಿದೆ. ಇದೇ ಕೆಲಸದ ನೆರವಿನಿಂದ ಕನೆಕ್ಟಿಕಟ್ ಪ್ರಾಂತದ ಪೊಲೀಸರು ಒಂದೇ ಮೊಕದ್ದಮೆಯಲ್ಲಿ ಬಚ್ಚಿಟ್ಟ 66 ಚಿತ್ರಗಳನ್ನೂ 18 ವಿಡಿಯೋಗಳನ್ನೂ ಹೊರತೆಗೆದರು. ಅಂದರೆ ಕಳ್ಳ ನುಗ್ಗಬಹುದಾದ ಕಂಡಿಯಲ್ಲೇ ಪೊಲೀಸರೂ ನುಗ್ಗುತ್ತಾರೆ. ಬಗ್ಗಿಲಿಯವರ ವೃತ್ತಿಯುದ್ದಕ್ಕೂ ಈ ಎರಡು ಮುಖಗಳು ಕಾಣುತ್ತವೆ. ಅವರ ಶಾಸ್ತ್ರದ ಹೆಸರೇ ಗಣಕ ಅಪರಾಧ ತನಿಖೆ. ಕಂಡಿ ಮುಚ್ಚಿದರೆ ಸಜ್ಜನರಿಗೆ ಕ್ಷೇಮ, ತನಿಖೆಗೆ ಕಷ್ಟ. ಇವೆರಡನ್ನೂ ಒಟ್ಟಿಗೆ ಸಾಧಿಸುವ ದಾರಿ ಇದೆಯೆಂದು ನಮಗಂತೂ ತೋರಿಲ್ಲ. ಕಂಡಿ ಮುಚ್ಚುವುದೇ ಮೇಲೆಂದು ನಮ್ಮ ಒಲವು. ಇದರಲ್ಲಿ ಸದಸ್ಯರು ಭಿನ್ನಾಭಿಪ್ರಾಯ ಹೊಂದಿರಬಹುದು.

ಈಗ ಆ ಕನ್ನಡಕ. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ನಮ್ಮ ಮಗಳು ಅಂಥದ್ದೊಂದನ್ನು ತಂದಿದ್ದಳು. ಕಣ್ಣಿಗೆ ಕಟ್ಟಿಕೊಂಡರೆ ಹೊರಗಿನದೇನೂ ಕಾಣುವುದಿಲ್ಲ. ಒಳಗೆ ಇನ್ನೊಂದು ಲೋಕ. ತಲೆ ತಿರುಗಿಸಿದರೆ ಆ ಲೋಕವೂ ತಿರುಗುತ್ತದೆ, ನಡೆದರೆ ಅದರೊಳಗೆ ನಡೆದಂತೆ. ನಾವು ನಡುಮನೆಯಲ್ಲಿ ನಿಂತು ಯಾವುದೋ ಸಮುದ್ರತೀರದಲ್ಲಿ ನಾಲ್ಕು ಹೆಜ್ಜೆ ಹಾಕಿದೆವು. ಗೋಡೆಯ ಹತ್ತಿರ ಹೋದಾಗ ಗಾಳಿಯಲ್ಲಿ ಬಲೆಯಂಥ ಗೆರೆಗಳು ಮೂಡಿದವು. "ಅಪ್ಪಯ್ಯ, ಅದು ಬೇಲಿ. ಅದನ್ನು ದಾಟಬೇಡಿ, ಕಂಬ ಇದೆ" ಎಂದಳು. ಜಾಗದ ಅಳತೆಯನ್ನು ಮೊದಲೇ ಕೊಟ್ಟಿಟ್ಟರೆ ಯಂತ್ರವೇ ಆ ಬೇಲಿಯನ್ನು ತೋರಿಸುತ್ತದಂತೆ. ಆಗ ನಮಗೆ ಹೊಳೆದ ಪ್ರಶ್ನೆ: ಆ ಬೇಲಿಯ ಗೂಟಗಳನ್ನು ಯಾರಾದರೂ ಕಿತ್ತು ಬೇರೆ ಕಡೆ ನೆಟ್ಟರೆ?

ಬಗ್ಗಿಲಿಯವರ ತಂಡ ಸರಿಯಾಗಿ ಅದನ್ನೇ ಪರೀಕ್ಷಿಸಿತ್ತು. ಆಗ ಹೆಚ್ಚು ಬಳಕೆಯಲ್ಲಿದ್ದ ಎಚ್‌ಟಿಸಿ ವೈವ್ ಮತ್ತು ಆಕ್ಯುಲಸ್ ರಿಫ್ಟ್ ಎಂಬ ಎರಡು ಕನ್ನಡಕಗಳನ್ನು ಅವರು ತೆಗೆದುಕೊಂಡರು. ಈ ಕೆಲಸಕ್ಕೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವಿತ್ತು. ಕನ್ನಡಕಕ್ಕೆ ಜೋಡಿಸಿದ ಕಂಪ್ಯೂಟರಿನೊಳಗೆ ಕಳ್ಳ ಆ್ಯಪ್ ಒಂದು ಸೇರಿತೆಂದು ಇಟ್ಟುಕೊಂಡು ಅದರಿಂದ ಏನೇನು ಸಾಧ್ಯವೆಂದು ನೋಡಿದರು. ಬೇಲಿಯ ಅಳತೆಯನ್ನು ಬದಲಿಸಿ, ಹಾಕಿಕೊಂಡವರು ಗೋಡೆಗೋ ಮೇಜಿಗೋ ಡಿಕ್ಕಿ ಹೊಡೆಯುವಂತೆ ಮಾಡಬಹುದು. ಒಳಗಿನ ಲೋಕವನ್ನು ಅಲುಗಾಡಿಸಿ ತಲೆಸುತ್ತು ಬರಿಸಬಹುದು. ಬೇಡದ ಚಿತ್ರವನ್ನು ಕಣ್ಣಮುಂದೆ ತಂದು ಅಂಟಿಸಬಹುದು. ಕನ್ನಡಕದ ಹೊರಮೈಯಲ್ಲಿರುವ ಕ್ಯಾಮರಾವನ್ನು ಹಾಕಿಕೊಂಡವರಿಗೆ ತಿಳಿಯದಂತೆ ಚಾಲು ಮಾಡಬಹುದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಕೊನೆಯದು. ಒಳಗಿನ ಲೋಕದ ನಡುಬಿಂದುವನ್ನು ಅರಿವಿಗೆ ಬಾರದಷ್ಟು ನಿಧಾನವಾಗಿ ಒಂದು ಕಡೆಗೆ ಸರಿಸುತ್ತ ಹೋಗುವುದು. ಆಟದಲ್ಲಿ ಮುಳುಗಿದವರು ಅದಕ್ಕೆ ಸರಿಹೊಂದಲು ತಾವಾಗಿಯೇ ಒಂದೊಂದು ಹೆಜ್ಜೆ ಸರಿಯುತ್ತಾರೆ. ಹೀಗೆ ಅವರನ್ನು ಕೋಣೆಯಲ್ಲಿ ಬೇಕಾದ ಜಾಗಕ್ಕೆ ನಡೆಸಿಕೊಂಡು ಹೋಗಬಹುದು. ಸ್ವಯಂಸೇವಕರನ್ನು ಕರೆಸಿ, ಅವರಿಗೆ ಮೊದಲು ವಿಷಯ ತಿಳಿಸದೆ ಇದನ್ನು ಪರೀಕ್ಷಿಸಿದಾಗ, ಅವರಿಗೆ ಗೊತ್ತಾಗದ ಹಾಗೆ ಅವರನ್ನು ಸರಿಸಲು ಸಾಧ್ಯವೆಂದು ಸಿದ್ಧವಾಯಿತು. ಮನುಷ್ಯನೇ ಆಟದ ಹಿಡಿಕೆಯಾದನೆಂಬ ಅರ್ಥದಲ್ಲಿ ಇದಕ್ಕೆ ಹ್ಯೂಮನ್ ಜಾಯ್‌ಸ್ಟಿಕ್ ದಾಳಿ ಎಂದು ಹೆಸರಿಟ್ಟರು. ಇದುವರೆಗೆ ಫೋನಿನ ಕಳ್ಳ ಹಣ ಕದಿಯುತ್ತಿದ್ದ, ಗುಟ್ಟು ಕದಿಯುತ್ತಿದ್ದ. ಇಲ್ಲಿ ಮೊದಲ ಬಾರಿಗೆ ನಮ್ಮ ಕಾಲನ್ನೇ ಹಿಡಿದು ಎಳೆಯಬಲ್ಲನೆಂದಾಯಿತು.

2019ರ ಫೆಬ್ರವರಿಯಲ್ಲಿ ತಂಡ ಇನ್ನೊಂದು ಲೋಪವನ್ನು ಹೊರಗೆಡವಿತು. ಬಿಗ್‌ಸ್ಕ್ರೀನ್ ಎಂಬ ಆ್ಯಪ್‌ನಲ್ಲಿ ಜನ ಕನ್ನಡಕ ಹಾಕಿಕೊಂಡು ಒಂದು ಕಾಲ್ಪನಿಕ ಕೋಣೆಯಲ್ಲಿ ಸೇರಿ ಮಾತಾಡುತ್ತಾರೆ, ಸಿನೆಮಾ ನೋಡುತ್ತಾರೆ. ಆಗ ಅದಕ್ಕೆ 5 ಲಕ್ಷಕ್ಕೂ ಮಿಕ್ಕಿ ಬಳಕೆದಾರರಿದ್ದರು. ಖಾಸಗಿ ಕೋಣೆಯೊಳಗೂ ಅದೃಶ್ಯನಾಗಿ ಹೊಕ್ಕು ನಿಂತು ಎಲ್ಲವನ್ನೂ ಕೇಳಬಹುದು, ಅವರ ಕಂಪ್ಯೂಟರಿನ ತೆರೆಯನ್ನು ನೋಡಬಹುದು, ಅವರ ಯಂತ್ರಕ್ಕೆ ಕಳ್ಳ ಆ್ಯಪ್‌ಗಳನ್ನೂ ಇಳಿಸಬಹುದೆಂದು ತಂಡ ತೋರಿಸಿತು. ಅಂಥ ಕೋಣೆಗೆ ಬಂದ ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ಹರಡುವ ಹುಳುವನ್ನೂ ಮಾದರಿಗಾಗಿ ಮಾಡಿ ತೋರಿಸಿದರು. ಕಂಪನಿಗೆ ತಿಳಿಸಲಾಯಿತು, ಲೋಪಗಳನ್ನು ಮುಚ್ಚಲಾಯಿತು. ಅದೇ ವರ್ಷ ಇನ್ನೊಂದು ಅಧ್ಯಯನದಲ್ಲಿ, ಕಂಪ್ಯೂಟರಿನ ನೆನಪಿನಲ್ಲಿ ಉಳಿದ ಗುರುತುಗಳಿಂದ ಕನ್ನಡಕದ ಮತ್ತು ಕೈಹಿಡಿಕೆಗಳ ಸ್ಥಾನವನ್ನೂ ಹಾಕಿಕೊಂಡವರು ಇದ್ದ ಕಾಲ್ಪನಿಕ ಜಾಗವನ್ನೂ ಮತ್ತೆ ಕಟ್ಟಿ ತೋರಿಸಬಹುದೆಂದು ಸಾಧಿಸಿದರು. ಮತ್ತದೇ ಎರಡು ಮುಖ.

ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರು ಇವರೊಬ್ಬರೇ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ 511 ಮಂದಿಗೆ ಕನ್ನಡಕ ತೊಡಿಸಿ ವಿಡಿಯೋ ತೋರಿಸಿ, ಐದು ನಿಮಿಷಕ್ಕೂ ಕಡಿಮೆ ಹೊತ್ತಿನ ತಲೆ ಮತ್ತು ಕೈಗಳ ಚಲನೆಯಿಂದಲೇ ನೂರಕ್ಕೆ 95ರಷ್ಟು ಸರಿಯಾಗಿ ಇಂಥವರೇ ಎಂದು ಗುರುತಿಸಿದರು. 2023ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು ಒಂದು ಆಟದ 55,000ಕ್ಕೂ ಹೆಚ್ಚು ಆಟಗಾರರ ಚಲನೆಯನ್ನು ತೆಗೆದುಕೊಂಡು, 100 ಸೆಕೆಂಡಿನ ಚಲನೆ ಕೊಟ್ಟರೆ ನೂರಕ್ಕೆ 94ರಷ್ಟು ಸರಿಯಾಗಿ ಹೆಸರು ಹೇಳಬಲ್ಲ ಲೆಕ್ಕಾಚಾರ ಮಾಡಿದರು. ನಮಗೆ ಇದು ಅಷ್ಟೇನೂ ಆಶ್ಚರ್ಯವಲ್ಲ. ಎದುರು ಗುಡ್ಡದಿಂದ ಕಂಬಳಿಕೊಪ್ಪೆ ಹಾಕಿಕೊಂಡು ಇಳಿದು ಬರುವವರನ್ನು ಮುಖ ಕಾಣದಿದ್ದರೂ ನಡಿಗೆಯಿಂದಲೇ ಗುರುತಿಸುತ್ತೇವಲ್ಲ. ವ್ಯತ್ಯಾಸವೆಂದರೆ ನಾವು ಗುರುತಿಸುವುದು ಊರಿನ ಇನ್ನೂರು ಜನರನ್ನು. ಇಂಥ ಚಲನೆಯ ಲೆಕ್ಕವನ್ನು ಪಾಸ್‌ವರ್ಡಿನಂತೆ ಬದಲಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಬಗ್ಗಿಲಿಯವರು ಮುಂದೆ ನ್ಯೂ ಹೇವನ್ ಬಿಟ್ಟು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯೂ ಪ್ರಯೋಗಾಲಯ ಕಟ್ಟಿ ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸ ಹಿಡಿದರು. ಇವರ ಲೇಖನಗಳ ತಲೆಯಲ್ಲಿ ವಿದ್ಯಾರ್ಥಿಗಳ ಹೆಸರೇ ಮೊದಲು ಬರುವುದು ಹೆಚ್ಚು. ಪಟ್ಟಣದಲ್ಲಿ ಕಂಪ್ಯೂಟರ್ ಓದುತ್ತಿರುವ ನಮ್ಮ ಸದಸ್ಯರ ಮಕ್ಕಳು ಹಲವರಿದ್ದಾರೆ. ಆ್ಯಪ್ ಮಾಡುವುದು ಮಾತ್ರ ಕೆಲಸವಲ್ಲ, ಬೇರೆಯವರು ಮಾಡಿದ್ದನ್ನು ಬಿಚ್ಚಿ ನೋಡುವುದೂ ಒಂದು ವಿದ್ಯೆ, ಅದಕ್ಕೂ ಪದವಿಯಿದೆ ಎಂದು ಅವರಿಗೆ ಯಾರಾದರೂ ಹೇಳಬೇಕಾಗಿದೆ.

ಇನ್ನು ಸಂಘದ ಕಡೆಯಿಂದ ಆದ ಕ್ರಮಗಳು. ಧಾರಣೆಯ ಗುಂಪಿಗೆ ಇನ್ನು ಮುಂದೆ ಕಚೇರಿಯ ನಂಬರಿನಿಂದ ಮಾತ್ರ ಬರಹ ಬರುತ್ತದೆ. ಸದಸ್ಯರು ಹಾಕಲು ಬರುವುದಿಲ್ಲ. ಇದರಿಂದ ಸುಪ್ರಭಾತದ ಚಿತ್ರಗಳು ನಿಂತುಹೋದವೆಂದು ಕೆಲವರು ದೂರಿದ್ದಾರೆ, ಸಹಿಸಿಕೊಳ್ಳಬೇಕು. ಕಚೇರಿಯಿಂದ ಯಾವ ಫೈಲನ್ನೂ ಕಳಿಸುವುದಿಲ್ಲ. ಸಂಘದ ಹೆಸರಿನಲ್ಲಿ ಫೈಲು ಬಂದರೆ ಒತ್ತದೆ ಕಚೇರಿಗೆ ಫೋನು ಮಾಡತಕ್ಕದ್ದು. ಸದಸ್ಯರ ಬ್ಯಾಂಕ್ ಖಾತೆಯ ನಂಬರು ಬದಲಾಯಿಸಬೇಕಾದರೆ ಖುದ್ದಾಗಿ ಬಂದು ಸಹಿ ಹಾಕಬೇಕು, ಫೋನಿನ ಮೇಲಿನ ಮಾತು ಸಾಲದು. ಈಗಾಗಲೇ ಅನುಮಾನದ ಫೈಲು ಒತ್ತಿದವರು ತಕ್ಷಣ ಫೋನಿನ ಇಂಟರ್‌ನೆಟ್ ನಿಲ್ಲಿಸಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೂ ಸರ್ಕಾರದ 1930 ಸಂಖ್ಯೆಗೂ ಕರೆ ಮಾಡಬೇಕು. ಹಣ ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವುದು ಆ ವ್ಯವಸ್ಥೆಯ ಉದ್ದೇಶ. ಆದಕಾರಣ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಫೋನಿನ ತಿಜೋರಿ ಆ್ಯಪ್ ಅಳಿಸಿದ್ದೇವೆ. ಸಂಘದ ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿ, ಬರೆದ ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿ ಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಒಂದು ಕೀಲಿ ಅಧ್ಯಕ್ಷರ ಬಳಿ, ಇನ್ನೊಂದು ನಮ್ಮ ಬಳಿ ಇದೆ. ಆಧಾರ್ ಕಾರ್ಡಿನ ಚಿತ್ರಗಳು ನಮ್ಮ ಫೋನಿನಲ್ಲಿದ್ದ ಹನ್ನೊಂದು ಸದಸ್ಯರಿಗೆ ಪ್ರತ್ಯೇಕ ಪತ್ರ ಬರೆದು ವಿಷಯ ತಿಳಿಸಿದ್ದೇವೆ.

ಹಣ ಕಳೆದುಕೊಂಡ ಸದಸ್ಯರು 1930ಕ್ಕೆ ಕರೆ ಮಾಡಿದ್ದು ಮರುದಿನ ಮಧ್ಯಾಹ್ನ, ಅದೂ ಮಗ ಶಾಲೆಯಿಂದ ಬಂದು ಹೇಳಿದ ಮೇಲೆ. 38,000ದಲ್ಲಿ 9,500 ರೂಪಾಯಿ ಮಾತ್ರ ತಡೆಹಿಡಿಯಲು ಸಿಕ್ಕಿತು. ಅದು ಕಳೆದ ತಿಂಗಳು ಅವರ ಖಾತೆಗೆ ವಾಪಸು ಬಂದಿದೆ.